ತಾಯಿಮಾತು ಹೇಳಿಕೊಡುವ ಮಂಗಮ್ಮ

ಬೆಳಗಿನ ಆರು ಗಂಟೆ. ಗಡಿಯಾಚೆ ತಮಿಳು ಸೀಮೆಯಲ್ಲಿ, ಬೇರಿಕೆಗೆ ನಾಲ್ಕು ಮೈಲಿ ದೂರದ ಹಳ್ಳಿಯಲ್ಲಿ ಮಂಗಮ್ಮ ಮನೆಮನೆಯ ಬಾಗಿಲು ಬಡಿಯುತ್ತಿದ್ದಾರೆ. ಊರ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುವವರು ಅವರು. ಒಲೆ ಹಚ್ಚಲು ಇನ್ನೂ ಹೊತ್ತಿದೆ. ಪತ್ರಿಕೆಗೆ ಬರೆಯಲು ಬಂದ ನಾನು ಪುಸ್ತಕ ಹಿಡಿದು ಅವರ ಹಿಂದೆ ನಡೆದಿದ್ದೇನೆ.

"ಅಕ್ಕಯಮ್ಮಾ, ತ್ವಾಟಕ್ಕೆ ಆಮ್ಯಾಕೆ ಹೋಗುವಂತೆ, ಹತ್ತು ಗಂಟೆಗೆ ಇಸ್ಕೂಲ್ತಾವ ಬಾ. ಆಫೀಸರು ಮನೆಮಾತು ಏನು ಅಂದ್ರೆ ಏನಂತೀಯಾ?"

"ಕನ್ನಡ ಅಂತೀನಿ ಕಣಕ್ಕಾ."

"ಇನ್ನೊಂದ್ಸಲ ಹೇಳು."

ಈ ಪಾಠಕ್ಕೆ ಕಾರಣ ಹೋದ ವರ್ಷ, ಎಂಬತ್ತನಾಲ್ಕರಲ್ಲಿ, ಆದ ಎಡವಟ್ಟು. ಇದು ಒಬ್ಬರೇ ಮೇಷ್ಟ್ರ ಕನ್ನಡ ಶಾಲೆ. ಮಕ್ಕಳನ್ನು ಎಣಿಸಲು ಬಂದ ಅಧಿಕಾರಿ ತಮಿಳಿನಲ್ಲಿ ಮಾತಾಡಿಸಿದರು. ಕೇಳಿದವರ ಮಾತಿನಲ್ಲೇ ಉತ್ತರ ಕೊಡುವುದು ಈ ಕಡೆಯ ಮರ್ಯಾದೆ. ಏಳು ತಾಯಂದಿರು ಸೊಗಸಾದ ತಮಿಳಿನಲ್ಲಿ ಉತ್ತರಿಸಿದರು. ಏಳು ಮಕ್ಕಳ ಹೆಸರಿನ ಮುಂದೆ 'ತಮಿಳು' ಎಂದು ಬಿತ್ತು. ತರಗತಿಯಲ್ಲಿ ಕೂತಿದ್ದ ಇಪ್ಪತ್ಮೂರು ಮಕ್ಕಳು ಕಾಗದದಲ್ಲಿ ಹದಿನಾರಾದರು. ಈ ಸಲವೂ ಕನ್ನಡ ಮನೆಮಾತಿನ ಮಕ್ಕಳು ಇಪ್ಪತ್ತು ತುಂಬದಿದ್ದರೆ ಶಾಲೆ ಮುಚ್ಚುತ್ತದೆ, ಮಕ್ಕಳು ಬೇರಿಕೆಗೆ ಹೋಗಬೇಕು.

"ನಾನು ಹೇಳಿದ್ರೆ ಸ್ವಂತ ಕೆಲಸ ಉಳಿಸ್ಕೊಳ್ಳೋಕೆ ಅಂತಾರೆ. ಮಂಗಮ್ಮನ ಮಾತಾದ್ರೆ ಕೇಳ್ತಾರೆ" ಎನ್ನುತ್ತಾರೆ ಮೇಷ್ಟ್ರು ರಾಮಕೃಷ್ಣಪ್ಪ.

ತಮಾಷೆಯೆಂದರೆ ಮಂಗಮ್ಮನ ಮನೆಮಾತು ತೆಲುಗು. ಅಕ್ಷರ ಯಾವ ಭಾಷೆಯದೂ ಬಾರದು. ನಿಮಗೇಕಮ್ಮ ಈ ಉಸಾಬರಿ ಎಂದರೆ ಮುಂದಿನ ಮನೆಯತ್ತ ನಡೆಯುತ್ತಲೇ ಹೇಳುತ್ತಾರೆ.

"ಗಂಡುಡುಗ್ರು ಬೇರಿಕೆಗೆ ನಡ್ಕೊಂಡು ಹೋಗ್ತವೆ. ಹೆಣ್ಣುಡುಗೀರ್ನ ಅಷ್ಟು ದೂರ ಯಾರಪ್ಪಾ ಕಳಿಸ್ತಾರೆ? ಆವಾಗ ಇಲ್ಲಿ ಮೇಷ್ಟ್ರು ಇರ್ಲಿಲ್ಲ. ನನ್ ಮಗಳು ಕದಿರಮ್ಮ ಎರಡು ತಿಂಗ್ಳು ಬೇರಿಕೆಗೆ ಹೋದ್ಲು. ಆಮ್ಯಾಕೆ ನಾನೇ ಬಿಡಿಸ್ಬುಟ್ಟೆ. ತಪ್ಪು ನಂದೇ."

ಹತ್ತೂವರೆಗೆ ಅಧಿಕಾರಿ ಬರುತ್ತಾರೆ. ತಾಯಂದಿರು ಒಬ್ಬೊಬ್ಬರಾಗಿ ಮುಂದೆ ಹೋಗಿ 'ಕನ್ನಡ' ಎಂದು ಒಪ್ಪಿಸುತ್ತಾರೆ. ಅಕ್ಕಯಮ್ಮನ ಸರದಿ ಬಂದಾಗ ಬೆಳಗಿನ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ತಮ್ಮ ಮನೆಮಾತು ಕನ್ನಡವೆಂಬುದನ್ನು ಆಕೆ ಅಚ್ಚ ತಮಿಳಿನಲ್ಲೇ ಹೇಳಿಬಿಡುತ್ತಾರೆ: "ಎಂಗ ವೀಟ್ಲ ಕನ್ನಡಂದಾಂಗ ಸಾರ್!"

ಬಾಗಿಲಲ್ಲಿ ನಿಂತ ಮಂಗಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಅಧಿಕಾರಿಯ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ನಕ್ಕು 'ಕನ್ನಡ' ಎಂದೇ ಬರೆಯುತ್ತಾರೆ. ಕೊನೆಗೆ ಲೆಕ್ಕ ಇಪ್ಪತ್ತೆರಡಕ್ಕೆ ನಿಲ್ಲುತ್ತದೆ.

ಮಂಗಮ್ಮ ಆಗಲೇ ಒಲೆಯ ಮುಂದಿದ್ದಾರೆ. ಶಾಲೆ ಉಳಿಯಿತಲ್ಲ ಎಂದರೆ ಸೌಟು ಆಡಿಸುತ್ತಲೇ ನನ್ನ ಪುಸ್ತಕದ ಕಡೆ ನೋಡುತ್ತಾರೆ.

"ಇಪ್ಪತ್ತೆರಡು ಅಂತ ಆಫೀಸರು ಬರ್ಕೊಂಡ್ರು. ಅದ್ರಾಗೆ ಹೆಣ್ಣುಡುಗೀರು ಹದಿಮೂರು. ನೀನಾದ್ರೂ ಅದನ್ನ ಬರ್ಕೊಳಪ್ಪಾ."