ಬೆಂಚಿನ ಮೇಲೆ ಕೂತಿದ್ದ ಅಪ್ಪ

ಕಳೆದ ಭಾನುವಾರ ಪರಿಚಿತರ ಮನೆಯ ಊಟದಲ್ಲಿ ನಾನು ಕೇಳಬಾರದ ಪ್ರಶ್ನೆ ಕೇಳಿಬಿಟ್ಟೆ. ಪ್ರೀತಿಯಿಂದಲೇ ಕೇಳಿದ್ದು. ಉತ್ತರ ಕಿವಿಗೆ ಬಿದ್ದಾಗ ಬಾಯಿಗೆ ಹೋಗುತ್ತಿದ್ದ ಚಮಚ ಅರ್ಧದಲ್ಲೇ ನಿಂತಿತು.

ಅಮೆರಿಕದಲ್ಲಿ ನಾವಿರುವ ಫ್ರಿಸ್ಕೋ ಹತ್ತಿರದ ಮರ್ಫಿ ಎಂಬ ಊರಿನಲ್ಲಿರುವ ಮಾರ್ಕಸ್ ನನ್ನ ಗಂಡ ಶ್ರೀಧರನ ಸಹೋದ್ಯೋಗಿ. ಕಪ್ಪು ಅಮೆರಿಕನ್, ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಮೊಮ್ಮಗಳ ನಾಮಕರಣಕ್ಕೆ ನಮ್ಮನ್ನು ಕರೆದಿದ್ದರು. ಅವರ ಚರ್ಚಿನಲ್ಲಿ ಸಂಬಳದ ಪುರೋಹಿತರಿಲ್ಲ. ಪೌರೋಹಿತ್ಯದ ದೀಕ್ಷೆ ಪಡೆದ ಮನೆಯ ಗಂಡಸರೇ ಹೆಸರಿಡುತ್ತಾರೆ. (ಹೆಂಗಸರಿಗೆ ಇಂದಿಗೂ ದೀಕ್ಷೆಯಿಲ್ಲ. ಅದನ್ನು ಬರೆಯಲು ಕೂತರೆ ಈ ಜಾಗ ಸಾಲದು.)

ಆರೇಳು ಗಂಡಸರು ದುಂಡಗೆ ನಿಂತರು. ಎಲ್ಲರ ಒಂದು ಕೈ ಮಗುವಿನ ಅಡಿಗೆ, ಇನ್ನೊಂದು ಪಕ್ಕದವರ ಹೆಗಲಿಗೆ. ಹ್ಯೂಸ್ಟನ್‌ನಿಂದ ಬಂದಿದ್ದ ಮಾರ್ಕಸ್‌ರ ಅಪ್ಪ ಹೆನ್ರಿ ಅಂಕಲ್ ಕೂಡ ಊರುಗೋಲು ಬದಿಗಿಟ್ಟು ಸೇರಿಕೊಂಡರು. ಮಗುವಿನ ಕಿವಿಯಲ್ಲಿ ಅಪ್ಪ ಹೆಸರು ಹೇಳುವ ನಮ್ಮ ಶಾಸ್ತ್ರ ನೆನಪಾಗಿ ಕಣ್ಣು ತುಂಬಿತು.

ಆಮೇಲೆ ಮಾರ್ಕಸ್ ಮನೆಯಲ್ಲಿ ಊಟ. ಕಾಫಿ ಇಲ್ಲ. (ಅವರ ಧರ್ಮದಲ್ಲಿ ನಿಷಿದ್ಧ. ಮೈಸೂರಿನವಳಿಗೆ ಅದೇ ದಿನದ ದೊಡ್ಡ ಶಾಕ್ ಅಂದುಕೊಂಡಿದ್ದೆ.)

“ಅಂಕಲ್, ಮಾರ್ಕಸ್‌ಗೂ ನೀವೇ ಹೀಗೆ ಹೆಸರಿಟ್ಟಿರಾ?” ಎಂದು ಕೇಳಿದೆ.



“ಇಲ್ಲ. ನಾನು ಬೆಂಚಿನ ಮೇಲೆ ಕೂತಿದ್ದೆ” ಎಂದರು ಅಂಕಲ್.

ಆಗ ಕಪ್ಪು ಜನರಿಗೆ ದೀಕ್ಷೆ ಇರಲಿಲ್ಲವಂತೆ. ಎಷ್ಟು ಭಕ್ತಿಯಿದ್ದರೂ, ಎಷ್ಟು ಒಳ್ಳೆಯವರಾಗಿದ್ದರೂ ಇಲ್ಲ. ನಿಯಮ ಬದಲಾದದ್ದು 1978ರಲ್ಲಿ. ಮಾರ್ಕಸ್ ಅದಕ್ಕೂ ಮುಂಚೆ ಹುಟ್ಟಿದವರು. ಬೇರೆ ಗಂಡಸರು, ಬಿಳಿಯರು, ಮಗುವನ್ನು ಎತ್ತಿ ಹೆಸರಿಟ್ಟರು. ಹೆತ್ತ ಅಪ್ಪ ದೂರದಿಂದ ಆಮೆನ್ ಎಂದರು.

ಯಾವುದೋ ಪುರಾಣ ಕಾಲದ ಮಾತಲ್ಲ ಇದು. 1978ರಲ್ಲಿ ನಾನೇ ಶಾಲೆಗೆ ಹೋಗುತ್ತಿದ್ದೆ!

ಹಾಗಾದರೆ ಚರ್ಚನ್ನು ಯಾಕೆ ಬಿಡಲಿಲ್ಲ ಎಂದೆ. ಬೆಂಚಿನ ಮೇಲೆ ಕೂರಿಸಿದ್ದು ದೇವರಲ್ಲ, ಮನುಷ್ಯರು ಎಂದರು ಅಂಕಲ್. ಅಷ್ಟು ಹೇಳಿ ನನ್ನ ತಟ್ಟೆಗೆ ಇನ್ನಷ್ಟು ಆಲೂಗಡ್ಡೆ ಬಡಿಸಿದರು.

ಫ್ರಿಸ್ಕೋಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. ಎಂಥ ಜನ! ಹೆತ್ತ ಮಗುವಿಗೆ ಹೆಸರಿಡುವುದಕ್ಕೂ ಚರ್ಮದ ಬಣ್ಣ ನೋಡುವುದೇ? ಡ್ರೈವ್ ಮಾಡುತ್ತಿದ್ದ ಶ್ರೀಧರ ಹೂಂಗುಟ್ಟುತ್ತಿದ್ದ.

ಅಷ್ಟರಲ್ಲಿ ಕಾರಿನ ಸ್ಪೀಕರ್‌ನಲ್ಲಿ ಫೋನ್. ನಮ್ಮ ದೇವಸ್ಥಾನದ ಕಮಿಟಿಯ ರಾವ್ ಅಂಕಲ್. ಶ್ರೀಧರನೂ ಆ ಕಮಿಟಿಯಲ್ಲಿದ್ದಾನೆ. ಹೊಸ ಅರ್ಚಕರಿಗಾಗಿ ಹುಡುಕುತ್ತಿದ್ದೇವೆ. ಬೆಳಿಗ್ಗೆ ಆಸ್ಟಿನ್‌ನಿಂದ ಒಬ್ಬರು ಬಂದು ಪೂಜೆ ಮಾಡಿ ತೋರಿಸಿದ್ದರಂತೆ.

“ಮಂತ್ರ, ಅಲಂಕಾರ ಎಲ್ಲಾ ಫಸ್ಟ್ ಕ್ಲಾಸ್ ಶ್ರೀಧರ್. ಎಲ್ರಿಗೂ ಹಿಡಿಸ್ತು. ಆದ್ರೆ ವಿಚಾರಿಸಿದ್ರೆ, ಬ್ರಾಹ್ಮಣರಲ್ವಂತೆ. ಗರ್ಭಗುಡಿ ಒಳಗೆ ಹೇಗಪ್ಪಾ ಬಿಡೋದು? ಹೊರಗಡೆ ಕೆಲ್ಸಕ್ಕೆ ಇಟ್ಕೊಳ್ಳೋಣ ಅಂತಿದ್ದಾರೆ.”

ಶ್ರೀಧರ ನನ್ನ ಮುಖ ನೋಡಿದ. ನೋಡೋಣ ಅಂಕಲ್ ಎಂದು ಫೋನ್ ಇಟ್ಟ.

ಮರ್ಫಿಯಲ್ಲಿ ಆದದ್ದಕ್ಕಿಂತ ದೊಡ್ಡ ಶಾಕ್ ಇದು. ಯಾಕೆಂದರೆ ಇಷ್ಟು ವರ್ಷ ಇದು ನನಗೆ ಶಾಕ್ ಅನ್ನಿಸಿಯೇ ಇರಲಿಲ್ಲ.

ಹೆನ್ರಿ ಅಂಕಲ್ ಬೆಂಚಿನಿಂದ ಎದ್ದು ಎಷ್ಟೋ ವರ್ಷವಾಯಿತು. ಆಸ್ಟಿನ್‌ನಿಂದ ಬಂದ ಅರ್ಚಕರಿಗೆ ನಾವು ಯಾವ ಬಾಯಿಂದ ಕೂರು ಅನ್ನುತ್ತಿದ್ದೇವೆ?