ಹಾಲಿನ ಚೀಲ ತೂಗುವ ಬೀದಿಗೆ

ನಾನು ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ನನ್ನ ಬಾಗಿಲ ಮುಂದೆ ಹಾಲಿನ ಪ್ಯಾಕೆಟ್‌ಗಳು ಒಂದರ ಮೇಲೊಂದು ಬಿದ್ದು, ಒಡೆದು ನಾರಿದವು. ರಾಜರಾಜೇಶ್ವರಿನಗರದ ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ಮಾಡಿದ್ದು ಇಷ್ಟೇ: ಕಾರಿಡಾರ್ ಕೆಡಿಸಿದ್ದಕ್ಕೆ ದಂಡ ಎಂಬ ಚೀಟಿಯನ್ನು ಬಾಗಿಲಿಗೆ ಅಂಟಿಸಿತು. ಭದ್ರತೆ ಬೇಕೆಂದೇ, ಇದ್ದ ಹಣವನ್ನೆಲ್ಲ ಸುರಿದು ನಾನು ಕೊಂಡ ಮನೆ ಇದು.

ನಡೆಯುವಷ್ಟು ಶಕ್ತಿ ಬಂದ ಕೂಡಲೇ, ಬೆಳಗಿನ ಚಳಿಗೆ ಮಫ್ಲರ್ ಸುತ್ತಿಕೊಂಡು, ಬಸವೇಶ್ವರನಗರದ ನನ್ನ ಹಳೆಯ ಬೀದಿಗೆ ಹೊರಟೆ. ಅಲ್ಲಿ ನನ್ನ ಹಳೆಯ ನೆರೆಯವರಾದ ಇಂದಿರಮ್ಮನವರ ಮನೆಯ ಹಿಂಭಾಗದ ಕೋಣೆ ಖಾಲಿಯಿದೆಯೆಂದು ಕೇಳಿದ್ದೆ. ಉಳಿದ ಆಯುಷ್ಯವನ್ನು ಎಲ್ಲಿ ಕಳೆಯುವುದೆಂದು ಅಂದೇ ತೀರ್ಮಾನಿಸಬೇಕಿತ್ತು. ಮೆಟ್ರೊದಲ್ಲಿ ಹಿರಿಯರ ಆಸನದಲ್ಲಿ ಕುಳಿತಿದ್ದ ತರುಣನೊಬ್ಬ ಅತ್ತಿಗುಪ್ಪೆ ದಾಟಿದರೂ ಕಣ್ಣು ತೆರೆಯಲಿಲ್ಲ. ಅವನ ಹಸಿರು ಬೂಟು ನನಗೆ ಇನ್ನೂ ನೆನಪಿದೆ. ವಿಜಯನಗರದಲ್ಲಿ ಇಳಿದು ಆಟೊ ಹಿಡಿದೆ.

"ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್," ಎಂದ ಚಾಲಕ.

"ಬೆಳಗ್ಗೆ ಬೆಳಗ್ಗೆ ಯಾಕಪ್ಪಾ?"

"ಬೆಳಗ್ಗೆ ಅಂತಾನೇ ಸಾರ್!"

ಕೊಟ್ಟೆ. ಮರೆತಿಲ್ಲ.

ಆ ಬೀದಿಯಲ್ಲಿ ಪ್ರತಿ ಗೇಟಿಗೂ ಹಾಲಿನ ಚೀಲ ತೂಗುತ್ತದೆ. ಏಳು ಗಂಟೆಯಾದರೂ ಯಾರಾದರೂ ಚೀಲವನ್ನು ಒಳಗೆ ಒಯ್ಯದಿದ್ದರೆ ಎದುರುಮನೆಯವರು ಹೋಗಿ ಬಾಗಿಲು ತಟ್ಟಬೇಕು. ಯಾರೂ ಬರೆದಿಟ್ಟ ನಿಯಮವಲ್ಲ. ಇಂದಿರಮ್ಮನವರ ಜಗಲಿಯಲ್ಲಿ ನಾನು ಕಾಫಿ ಕುಡಿಯುತ್ತಿದ್ದೆ. ಅವರ ದೃಷ್ಟಿಯೆಲ್ಲ ಎದುರಿನ ಗೋವಿಂದಣ್ಣನ ಗೇಟಿನ ಮೇಲೆ. ಚೀಲ ಅಲ್ಲೇ ಇತ್ತು.

"ಗೋವಿಂದಣ್ಣಾ!" ಎಂದು ಕೂಗುತ್ತ ಅವರು ಓಡಿದರು. ಅಕ್ಕಪಕ್ಕದವರು ಬಂದರು, ಇಸ್ತ್ರಿಯವನು ಬಂದ. ಒಬ್ಬರು ಕಿಟಕಿ ಬಡಿದರು, ಮತ್ತೊಬ್ಬರು ತಮ್ಮಲ್ಲಿಟ್ಟಿದ್ದ ಆ ಮನೆಯ ಕೀಲಿ ತಂದರು. ಬಾಗಿಲು ತೆರೆದರೆ, ತಲೆತುಂಬ ಸೋಪಿನ ನೊರೆ ಹೊತ್ತು, ಸೊಂಟಕ್ಕೆ ಟವೆಲು ಸುತ್ತಿಕೊಂಡು ಗೋವಿಂದಣ್ಣನೇ ನಿಂತಿದ್ದರು.

"ಸ್ನಾನ ಮಾಡೋಕೂ ಬಿಡಲ್ವೇನ್ರೀ ನೀವು?"

"ಚೀಲ ಒಳಗಿಟ್ಟು ಎಷ್ಟೊತ್ ಬೇಕಾದ್ರೂ ಸೋಪ್ ಹಚ್ಕೊಳ್ಳಿ, ಯಾರ್ ಬೇಡ ಅಂದ್ರು?" ಎಂದು ಇಂದಿರಮ್ಮ ಗದರಿದರು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ; ಲೋಟ ಕೆಳಗಿಟ್ಟೆ.

"ನೀವು ಹೋದ್ಮೇಲೂ ತುಂಬ ದಿನ ನಿಮ್ ಗೇಟ್ ನೋಡ್ತಾನೇ ಇದ್ದೆ, ಶ್ರೀಕಂಠಯ್ಯನವ್ರೇ," ಎಂದರು ಜಗಲಿಗೆ ಮರಳಿದ ಇಂದಿರಮ್ಮ. "ಅಭ್ಯಾಸ ಹೋಗ್ಲಿಲ್ಲ."

ಕೋಣೆಗೆ ಬಾಡಿಗೆ, ಮುಂಗಡ ಎಷ್ಟೆಂದು ಕೇಳಿದೆ.

"ಅದೆಲ್ಲ ಆಮೇಲೆ ಮಾತಾಡೋಣ. ಹಾಲು ಅರ್ಧ ಲೀಟರೋ, ಒಂದು ಲೀಟರೋ? ಹಾಲಿನವ್ನಿಗೆ ಹೇಳ್ಬೇಕಲ್ಲ."

"ಅರ್ಧ," ಎಂದೆ.

ಹಿಂದಿರುಗಿದಾಗ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವನು ತಡೆದು, "ಯಾರ ಮನೆಗೆ ಸಾರ್?" ಎಂದು ವಿಚಾರಿಸಿದ. ನನ್ನ ಮನೆಗೇ ಎಂದು ಹೇಳಿ ಒಳಗೆ ಬಂದೆ. ಆ ಚೀಟಿ ಇನ್ನೂ ಬಾಗಿಲಿನ ಮೇಲಿತ್ತು.

ಸಾಮಾನು ಕಟ್ಟುವ ಮೊದಲು ದಂಡ ಕಟ್ಟಿಯೇ ಹೋಗುತ್ತೇನೆ. ಸಂಘದ ಮಾನ್ಯರೇ, ಚೀಟಿ ಅಂಟಿಸಲು ನನ್ನ ಬಾಗಿಲವರೆಗೆ ಬಂದ ಆ ಕೈ, ಒಮ್ಮೆ ಅದೇ ಬಾಗಿಲನ್ನು ತಟ್ಟಲಿಲ್ಲವೇಕೆ?