ಲಕ್ಕಯ್ಯನ ನಿದ್ದೆ

"ಅವ್ವಾ, ಲಕ್ಕಯ್ಯ ಮಾವ ನಿದ್ದೆ ಮಾಡ್ತಾ ಗಾಡಿ ಬುಟ್ನಂತೆ. ಕಣ್ಮುಚ್ಕಂಡು ಗಾಡಿ ಬುಡಕ್ಕಾಗುತ್ತಾ?"

ನೀರೊಲೆಯ ಮುಂದೆ ಮಂಡಿ ಮಡಚಿ ಕೂತಿದ್ದ ಪುಟ್ಟಿ ಕತ್ತು ಹಿಂದಕ್ಕೆ ತಿರುಗಿಸಿ ಕೇಳಿದಳು. ಸಿದ್ದಗಂಗಮ್ಮ ಮಗಳ ಕತ್ತನ್ನು ಮತ್ತೆ ಮುಂದಕ್ಕೆ ತಿರುಗಿಸಿ, ಜಡೆ ಬಿಚ್ಚುತ್ತಾ, "ಯಾರೇ ಹೇಳಿದ್ದು ನಿಂಗೆ?" ಎಂದಳು.

"ಇಸ್ಕೂಲಲ್ಲಿ ಎಲ್ರೂ ಅಂತಾರೆ. ನಿದ್ದೆ ಲಕ್ಕಯ್ಯ ಅಂತಾರೆ."

ಸಿದ್ದಗಂಗಮ್ಮ ಕೂದಲಿನ ಸಿಕ್ಕು ಬಿಡಿಸತೊಡಗಿದಳು. ರಾತ್ರಿಯೆಲ್ಲಾ ಕೂಸು ಕೆಮ್ಮುತ್ತಿತ್ತು, ಅವಳ ಕಣ್ಣೂ ಉರಿಯುತ್ತಿತ್ತು. ಈ ಹೊತ್ತು ಯಾರಾದರೂ ಸ್ಟೀರಿಂಗ್ ಹಿಡಿಸಿ ಕೂರಿಸಿದ್ದರೆ ಅವಳೂ ನಿದ್ದೆ ಮಾಡುತ್ತಿದ್ದಳು.

ಹನ್ನೆರಡು ದಿನದ ಹಿಂದಿನ ಮಾತು. ಬೆಳಕು ಹರಿಯುವ ಮುಂಚೆ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿನ ಹರಾಜಿಗೆ ಹೊರಟ ಅವರ ಮನೆಯ ಪಿಕಪ್ಪು ಕೆರೆ ಏರಿಯ ಇಳಿಜಾರಿನಲ್ಲಿ ನಿಲ್ಲದೆ ಹೋಗಿತ್ತು. ಎದುರಿಗೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವರನ್ನು ತಪ್ಪಿಸಲು ಲಕ್ಕಯ್ಯ ಗಾಡಿಯನ್ನು ಪಕ್ಕದ ತೋಟಕ್ಕೆ ತಿರುಗಿಸಿದ. ಬೇಲಿ ಮುರಿದುಕೊಂಡು ಹೋಗಿ ಗಾಡಿ ತೆಂಗಿನ ಮರಕ್ಕೆ ಮೂತಿ ಕೊಟ್ಟು ನಿಂತಿತು. ಜನಕ್ಕೆ, ಎಮ್ಮೆಗೆ ಏನೂ ಆಗಲಿಲ್ಲ. ಕೊಬ್ಬರಿ ಗಿಟುಕು ತೋಟದ ತುಂಬಾ ಚೆಲ್ಲಿ ಹೋದವು. ಲಕ್ಕಯ್ಯನ ಬಲಗೈ ಮುರಿಯಿತು.

ತಿಪಟೂರಿನಿಂದ ಮೆಕ್ಯಾನಿಕ್ ಬರುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ಅವನು ಹತ್ತಿ ಕೂತು, ನಾಲ್ಕು ಸಲ ಪೆಡಲ್ ಒತ್ತಿ, ಗಾಡಿ ನೂಕಿಸಿ ನೋಡಿದ. "ಬ್ರೇಕಿಗೇನಾಗೈತೆ ಸಾಮಿ, ಜೋರಾಗೇ ಐತಲ್ಲ" ಎಂದ. ಅಷ್ಟು ಸಾಕಾಯಿತು. ಬ್ರೇಕು ಸರಿಯಿದ್ದ ಮೇಲೆ ಇನ್ನೇನು, ಡ್ರೈವರ್ ತೂಕಡಿಸಿರಬೇಕು. ಸಂಜೆಯೊಳಗೆ ಊರೆಲ್ಲಾ ಅದೇ ಮಾತಾಯಿತು. ಸಿದ್ದಗಂಗಮ್ಮನಿಗೆ ಹೊಟ್ಟೆಯುರಿದದ್ದು ಊರಿನ ಮಾತಿಗಲ್ಲ. ಲಕ್ಕಯ್ಯನೇ ಅದನ್ನು ಒಪ್ಪಿಕೊಂಡಿದ್ದ. ಕೈಗೆ ದಬ್ಬೆ ಕಟ್ಟಿಸಿಕೊಂಡು ಬಂದು ಜಗುಲಿಯ ಕೆಳಗೆ ನಿಂತು ಅವಳ ಗಂಡನಿಗೆ, "ಇನ್ಮ್ಯಾಕೆ ನಾನು ಗಾಡಿ ಮುಟ್ಟಾಕಿಲ್ಲ ಬಸವರಾಜಪ್ಪ. ಬೇರೆ ಯಾರ್ನಾದ್ರೂ ನೋಡ್ಕಳಿ" ಎಂದು ಬೀಗದ ಕೈ ಇಟ್ಟು ಹೋಗಿದ್ದ.

ಹುಳಿಯಾರಿನಲ್ಲಿ ಲಾರಿಗೆ ನೀರು ಹುಯ್ಯುವ ಕೆಲಸದಿಂದ ಶುರುಮಾಡಿದವನು ಲಕ್ಕಯ್ಯ. ಅದಕ್ಕೂ ಮುಂಚೆ ಅಪ್ಪನ ಎತ್ತಿನ ಗಾಡಿ ಹೊಡೆಯುತ್ತಿದ್ದ. ಆ ಅಭ್ಯಾಸ ಬಿಟ್ಟುಹೋಗಿರಲಿಲ್ಲ, ಬ್ರೇಕ್ ಒತ್ತುವಾಗಲೆಲ್ಲಾ ಬಾಯಲ್ಲಿ "ಹೋ, ಹೋ" ಎನ್ನುತ್ತಿದ್ದ. "ಎತ್ತೆಲ್ಲಿ ಲಕ್ಕಯ್ಯ, ಬಾನೆಟ್ ಒಳಗೆ ಕಟ್ಟಿದ್ದೀಯಾ?" ಎಂದು ಬಸವರಾಜು ಅಣಕಿಸಿದರೆ, "ಯೋಳ್ದೆ ನಿಲ್ಸಿದ್ರೆ ಬೇಜಾರ್ ಮಾಡ್ಕಂಬುತ್ತೆ ಕಣಪ್ಪ" ಎನ್ನುತ್ತಿದ್ದ. ದಂಡಿನಶಿವರದ ಹತ್ತಿರದ ಈ ಊರಿಗೆ ಎಪ್ಪತ್ತೈದರಲ್ಲಿ ಸಿದ್ದಗಂಗಮ್ಮ ಸೊಸೆಯಾಗಿ ಬಂದಳು. ಅದೇ ವರ್ಷ ಪಿಕಪ್ಪೂ ಬಂತು, ಅದರ ಹಿಂದೆಯೇ ಲಕ್ಕಯ್ಯನೂ ಬಂದ. ಎಂಟು ವರ್ಷ ಅವಳು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಅವನು ಗಾಡಿಯ ಸುತ್ತ ಒಂದು ಸುತ್ತು ಹಾಕುವುದನ್ನು ನೋಡಿದ್ದಳು. ಮೊದಲು ಬಗ್ಗಿ ಗಾಡಿಯ ಕೆಳಗಿನ ಮಣ್ಣು ನೋಡುವನು, ಏನಾದರೂ ತೊಟ್ಟಿಕ್ಕಿದೆಯೇ ಎಂದು. ಆಮೇಲೆ ಕೋಲು ತೆಗೆದುಕೊಂಡು ಒಂದೊಂದೇ ಚಕ್ರಕ್ಕೆ ಬಡಿದು ಕಿವಿಗೊಡುವನು. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಒಣಗಿದ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವವರ ಹಾಗೆ, ಗಾಳಿ ಇದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಚಕ್ರಕ್ಕೆ ಒತ್ತು ಕೊಡಲು ಈ ಕಡೆ ಎಲ್ಲರೂ ಕೈಗೆ ಸಿಕ್ಕುವ ತೆಂಗಿನ ಮಟ್ಟೆ ಇಡುತ್ತಾರೆ. ಅವನು ಮಾತ್ರ ಒಂದು ಜಾಲಿಯ ದಿಮ್ಮಿ ಕೆತ್ತಿಸಿ ಸೀಟಿನ ಕೆಳಗೆ ಇಟ್ಟುಕೊಂಡಿದ್ದ. "ಮಟ್ಟೆ ನೆಂದ್ರೆ ಅಮುಕ್ಕೊಂತದೆ. ಭಾರ ಬಿದ್ರೆ ಅದೇ ಮೊದ್ಲು ಓಡೋಗದು" ಎನ್ನುತ್ತಿದ್ದ. ಮೂಟೆಯ ಮೇಲೆ ಜನ ಹತ್ತಿದರೆ ಅವನು ಇಂಜಿನ್ ಆರಿಸಿ, ಕೆಳಗಿಳಿದು, ಬೀಡಿ ಹಚ್ಚಿ ಕೂತುಬಿಡುತ್ತಿದ್ದ. ಜನ ಬೈದುಕೊಂಡು ಇಳಿದ ಮೇಲೆಯೇ ಎದ್ದು ಬರುತ್ತಿದ್ದ.

ಇಂಥವನು ನಿದ್ದೆ ಮಾಡಿದನೇ? ಮಾಡಿರಲೂಬಹುದು ಎಂದು ಅವಳಿಗೂ ಅನ್ನಿಸಿತ್ತು. ಈ ಸಲದ ಕೊಬ್ಬರಿ ಸುಗ್ಗಿಯಲ್ಲಿ ಅವನಿಗೆ ಬೆನ್ನು ನೆಟ್ಟಗೆ ಮಾಡಲೂ ಬಿಡುವಿರಲಿಲ್ಲ.

"ಅವ್ವಾ, ಎಣ್ಣೆ ಹಾಕವ್ವ. ಚಳಿಯಾಯ್ತದೆ" ಎಂದಳು ಪುಟ್ಟಿ.

ಸಿದ್ದಗಂಗಮ್ಮ ಸೀಸೆಯನ್ನು ಅಂಗೈಗೆ ಬಗ್ಗಿಸಿದಳು. ತೊಟ್ಟೂ ಬೀಳಲಿಲ್ಲ. ಪುಷ್ಯದ ಚಳಿಗೆ ಕೊಬ್ಬರಿ ಎಣ್ಣೆ ಸೀಸೆಯೊಳಗೆ ಬೆಳ್ಳಗೆ ಬೆಣ್ಣೆಯಂತೆ ಗಟ್ಟಿಯಾಗಿ ಕೂತಿತ್ತು. ದಿನದ ಹಾಗೆ ಸೀಸೆಯನ್ನು ಒಲೆಯ ಪಕ್ಕಕ್ಕಿಟ್ಟಳು. ಕಂಠದ ಬಳಿ ಒಂದಿಷ್ಟು ಕರಗಿ ಜಾರಿತು. ಅದನ್ನೇ ನೋಡುತ್ತಿದ್ದವಳ ಕೈ ಹಾಗೇ ನಿಂತಿತು.

ಒಂದು ಲೋಟ ಎಣ್ಣೆ. ಗಾಡಿಗೆ.

ಎದ್ದು ಒಳಗೆ ಹೋಗಿ ದೇವರ ಗೂಡಿನ ಪಕ್ಕದಿಂದ ಡೈರಿ ತೆಗೆದಳು. ಕೊಬ್ಬರಿ ಮಂಡಿಯವರು ವರ್ಷ ವರ್ಷ ಕೊಡುವ ಡೈರಿಯಲ್ಲಿ ಬಸವರಾಜು ಒಂದಕ್ಷರ ಬರೆಯುತ್ತಿರಲಿಲ್ಲ, ಅವಳೇ ಬರೆಯುತ್ತಿದ್ದಳು. ಹಿಂದಿನ ತಿಂಗಳ ಹಾಳೆಗಳನ್ನು ತಿರುವಿದಳು. ಕೂಸಿಗೆ ಹಲ್ಲು ಬಂದದ್ದು, ಹಸು ಈದದ್ದು. ಅದರ ಕೆಳಗೆ ಇತ್ತು: "ಲಕ್ಕಯ್ಯಣ್ಣ ಮಗಳ ಬಾಣಂತನ ಅಂತ ಹುಳಿಯಾರಿಗೆ ಹೋಗಿದಾನೆ. ಬ್ರೇಕಿನ ಎಣ್ಣೆ ಕಡಿಮೆ ಆಗಿದೆಯಂತೆ. ಇವರು ನನ್ನ ಹತ್ತಿರ ಒಂದು ಲೋಟ ಕೊಬ್ಬರಿ ಎಣ್ಣೆ ಇಸಕೊಂಡು ಹಾಕಿದರು." ನಾಲ್ಕು ದಿನ ಬಿಟ್ಟು ಮತ್ತೆ: "ಇನ್ನರ್ಧ ಲೋಟ ಇಸಕೊಂಡರು."

ಕೊಟ್ಟಿದ್ದು ಅವಳೇ. ಗಾಣದಿಂದ ಬಂದ ಹೊಸ ಎಣ್ಣೆ. ಸೋಸಿಯೇ ಕೊಟ್ಟಿದ್ದಳು.

ತಲೆ ಕೆದರಿದ ಪುಟ್ಟಿಯನ್ನು ಒಲೆಯ ಮುಂದೆಯೇ ಬಿಟ್ಟು, ಎಣ್ಣೆ ಕೆದಕುವ ಕಡ್ಡಿ ಹಿಡಿದುಕೊಂಡು ಹೊರಗೆ ಬಂದಳು. ಮಡ್‌ಗಾರ್ಡು ಬಡಿಸಿಕೊಂಡು ಹಿಂದಿನ ಸಂಜೆಯಷ್ಟೇ ತಿಪಟೂರಿನಿಂದ ವಾಪಸ್ಸು ಬಂದಿದ್ದ ಪಿಕಪ್ಪು ಹುಣಸೆ ಮರದ ಕೆಳಗೆ ಇಬ್ಬನಿ ಹೊತ್ತು ನಿಂತಿತ್ತು. ಮಾರನೆಯ ಬೆಳಗ್ಗೆ ದುರ್ಗಯ್ಯ ಎಂಬ ಹೊಸ ಡ್ರೈವರ್ ಬಂದು ಹರಾಜಿಗೆ ಲೋಡು ಒಯ್ಯುವುದೆಂದು ಮಾತಾಗಿತ್ತು. ಅವಳು ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿದಳು. ಅಂದು ಗಂಡ ಎಣ್ಣೆ ಹುಯ್ದ ಪುಟ್ಟ ಡಬ್ಬಿ ಯಾವುದೆಂದು ಅವಳಿಗೆ ಗೊತ್ತಿತ್ತು. ಲೋಟ ಹಿಡಿದು ನಿಂತಿದ್ದವಳು ಅವಳೇ. ಮುಚ್ಚಳ ತಿರುಗಿಸಿದಳು. ಒಳಗೆ ಮಗಳ ತಲೆಯೆಣ್ಣೆಯ ಸೀಸೆಯಲ್ಲಿದ್ದಂತೆಯೇ ಬೆಳ್ಳಗಿತ್ತು. ಕಡ್ಡಿ ಚುಚ್ಚಿದರೆ ನೆಟ್ಟಗೆ ನಿಂತುಕೊಂಡಿತು.

"ರೀ" ಎಂದು ಕರೆದಳು. ದನಿ ಏರಿಸಲಿಲ್ಲ.

ಬಸವರಾಜು ಹಲ್ಲುಜ್ಜುತ್ತಾ ಬಂದವನು ಬಗ್ಗಿ ನೋಡಿದ. ಕಡ್ಡಿ ನೋಡಿದ. ಬೇವಿನ ಕಡ್ಡಿ ಬಾಯಲ್ಲೇ ಉಳಿಯಿತು.

"ಎಣ್ಣೆ ಎಣ್ಣೇನೇ ಅಂದ್ಕಂಡೆ ಕಣೇ" ಎಂದ. "ತಿಪ್ಟೂರಿಂದ ಡಬ್ಬ ತರವರ್ಗೂ ನಡೀಲಿ ಅಂತ ಹಾಕ್ದೆ. ಆಮೇಲೆ ಮರ್ತೇ ಹೋಯ್ತು. ಮೆಕ್ಯಾನಿಕ್ಕು ನೋಡ್ದಾಗ ಸರಿಯಾಗೇ ಇತ್ತಲ್ಲ."

"ಅವ್ನು ನೋಡಿದ್ದು ಬಿಸ್ಲಲ್ಲಿ. ಮೂತಿ ಮ್ಯಾಲೆ ಬಿಸ್ಲು ಬಿದ್ರೆ ಕರಗ್ದೆ ಏನ್ ಮಾಡುತ್ತೆ? ಲಕ್ಕಯ್ಯಣ್ಣ ಹೊರಟಿದ್ದು ಕತ್ತಲಲ್ಲಿ. ಪೈಪೆಲ್ಲಾ ಹಿಂಗೇ ಗಟ್ಟಿಯಾಗಿದ್ರೆ ಒತ್ತಿದ್ದು ಚಕ್ರಕ್ಕೆ ಹೆಂಗ್ ಮುಟ್ಟುತ್ತೆ? ಅದಕ್ಕೂ ಮುಂಚೆ ದಿನಾ ಬಿಸ್ಲೇರಿದ್ ಮ್ಯಾಲೇ ಅಲ್ವಾ ಗಾಡಿ ಹೋಗ್ತಿದ್ದದ್ದು?"

ಬಸವರಾಜು ಕಲ್ಲಿನ ಮೇಲೆ ಕೂತ. ಅವನು ಕೆಟ್ಟ ಮನುಷ್ಯನಲ್ಲ. ಮುರಿದ ಕೈಗೆ ಎಣ್ಣೆಪಟ್ಟಿ ಹಾಕುವವರ ಮನೆಗೆ ಲಕ್ಕಯ್ಯನನ್ನು ತಾನೇ ಕರೆದುಕೊಂಡು ಹೋಗಿದ್ದ. ಆದರೆ ಹನ್ನೆರಡು ದಿನದಿಂದ ಅರಳಿಕಟ್ಟೆಯಲ್ಲಿ ಕೂತು "ಪಾಪ, ತೂಕಡಿಸಿದಾನೆ" ಎಂದು ಹೇಳುತ್ತಾ ಬಂದವನೂ ಅವನೇ.

"ಈಗ ಊರಿಗೆಲ್ಲಾ ಸಾರ್ಬೇಕಾ?"

"ಊರಿಗೆ ಯಾವಾಗ ಹೇಳ್ತೀರೋ ನೀವೇ ಹೇಳಿ. ಲಕ್ಕಯ್ಯಣ್ಣಂಗೆ ಇವತ್ತೇ ಹೇಳ್ಬೇಕು. ಅವ್ನು ನಿಜ್ವಾಗ್ಲೂ ನಿದ್ದೆ ಮಾಡ್ದೆ ಅಂದ್ಕಂಡವ್ನೆ."

ಅವನು ಬೇವಿನ ಕಡ್ಡಿಯನ್ನು ಮುರಿದು ಬಿಸಾಡಿದ. "ನೀನೇ ಹೋಗ್ಬಾ. ನನ್ ಕೈಲಿ ಆಗಾಕಿಲ್ಲ ಈಗ್ಲೇ. ಗಾಡೀನ ತಿಪ್ಟೂರಿಗೆ ವಾಪಸ್ ಕಳಿಸ್ತೀನಿ, ಪೈಪೆಲ್ಲಾ ತೊಳೆಸಿ ರಬ್ಬರ್ ಬದ್ಲಾಯ್ಸಿ ತರ್ಲಿ. ದುರ್ಗಯ್ಯಂಗೆ ನಾಳೆ ಬ್ಯಾಡ ಅಂತೀನಿ." ಕಲ್ಲಿನಿಂದ ಎದ್ದು, "ಅವ್ನ್ ಕೈ ಕೂಡ್ದ ಮ್ಯಾಲೆ ಗಾಡಿ ಅವ್ನ್ದೇ ಅಂತ ಹೇಳು" ಎಂದ.

ಸಿದ್ದಗಂಗಮ್ಮ ಡಬ್ಬಿಯಿಂದ ಒಂದು ಗಡ್ಡೆಯಷ್ಟು ಎಣ್ಣೆ ಕೆದಕಿ ಕಂಚಿನ ಬಟ್ಟಲಿಗೆ ಹಾಕಿಕೊಂಡಳು. ಕೂಸನ್ನು ಸೊಂಟಕ್ಕೇರಿಸಿ, ಪುಟ್ಟಿಯ ಜಡೆಯನ್ನು ಹೇಗೋ ಸುತ್ತಿ, ಅವಳನ್ನೂ ಕರೆದುಕೊಂಡು ತೋಟದ ಬದುವಿನ ಮೇಲೆ ಹೊರಟಳು. ಲಕ್ಕಯ್ಯನ ಮನೆ ಊರಾಚೆ, ಅರ್ಧ ಮೈಲಿ. ದಾರಿಯಲ್ಲೇ ಬಿಸಿಲೇರಿತು. ಮನೆ ಮುಟ್ಟುವಷ್ಟರಲ್ಲಿ ಬಟ್ಟಲಲ್ಲಿದ್ದ ಗಡ್ಡೆ ಕರಗಿ ತಿಳಿಯಾದ ಎಣ್ಣೆಯಾಗಿತ್ತು.

ಲಕ್ಕಯ್ಯ ಬಾಗಿಲ ಮುಂದೆ ಎಡಗೈಯಲ್ಲಿ ಹುರಿ ಹೊಸೆಯಲು ನೋಡುತ್ತಿದ್ದ. ಹುರಿ ಕೂಡುತ್ತಿರಲಿಲ್ಲ. ಅವನ ಹೆಂಡತಿ ಕೊಲ್ಲಾಪುರಮ್ಮ ಚಾಪೆ ಹಾಸಿದಳು.

"ಬನ್ನಿ ಕಣವ್ವ. ಏನ್ ಬಟ್ಲು ಹಿಡ್ಕಂಡ್ ಬಂದ್ರಿ? ಕೂಸಿಗೆ ದೃಷ್ಟಿಯಾ?"

ಸಿದ್ದಗಂಗಮ್ಮ ಬಟ್ಟಲನ್ನು ಲಕ್ಕಯ್ಯನ ಮುಂದಿಟ್ಟಳು. "ಮೂಸಿ ನೋಡು ಲಕ್ಕಯ್ಯಣ್ಣ."

ಅವನು ಮೂಸಿದ. "ಕೊಬ್ಬರಿ ಎಣ್ಣೆ. ಮ್ಯಾಲೊಸಿ ಬ್ರೇಕೆಣ್ಣೆ ವಾಸ್ನೆ." ಮತ್ತೆ ಮೂಸಿದ. ಮುಖ ಮೇಲೆತ್ತಲಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ಯಾರು ಹುಯ್ದದ್ದು, ಯಾರು ಸೋಸಿ ಕೊಟ್ಟದ್ದು, ಬೆಳಗ್ಗೆ ಕಡ್ಡಿ ಹೇಗೆ ನಿಂತಿತು, ಒಂದನ್ನೂ ಬಿಡಲಿಲ್ಲ. "ಬರೋವಾಗ ಗಟ್ಟಿಯಾಗೇ ಇತ್ತು. ದಾರೀಲಿ ಕರಗೋಯ್ತು. ನಂಬ್ತೀಯೋ ಇಲ್ವೋ" ಎಂದಳು.

ಲಕ್ಕಯ್ಯ ಎದ್ದು ನಿಲ್ಲಲಿಲ್ಲ, ನಗಲಿಲ್ಲ, ಯಾರನ್ನೂ ಬೈಯಲಿಲ್ಲ. ಬಹಳ ದೂರದಿಂದ ಹೊರೆ ಹೊತ್ತು ಬಂದವನು ಇಳಿಸಲು ಜಾಗ ಹುಡುಕುವಂತೆ ಅತ್ತಿತ್ತ ನೋಡಿದ.

"ಅವತ್ತು ಹೊರಡೋ ಮುಂಚೆ ಒತ್ತಿ ನೋಡಿದ್ದೆ ಕಣವ್ವ. ಕಲ್ಲಂಗಿತ್ತು. ಪೆಡ್ಲು ಒಳಕ್ ಹೋದ್ರೆ ಹೆದರ್ಕೋಬೇಕು, ಇದು ಗಟ್ಟಿಯಾಗೈತೆ, ಒಳ್ಳೇದೇ ಅಂದ್ಕಂಡೆ. ಹಿಂದಿನ್ ದಿನ ಬಿಸ್ಲಲ್ಲಿ ಮುಚ್ಳ ತೆಗ್ದೂ ನೋಡಿದ್ದೆ. ತುಂಬೈತೆ ಅಂತ ಮುಚ್ಚಾಕ್ದೆ. ಮೂಸ್ಲಿಲ್ಲ." ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಏರಿ ಇಳಿಯೋವಾಗ ಒತ್ತಿದ್ ಹಂಗೇ ನೆಪ್ಪಿತ್ತು. ಹೋ ಹೋ ಅಂದಿದ್ದೂ ನೆಪ್ಪಿತ್ತು. ಬ್ರೇಕ್ ಸರಿಯಾಗೈತೆ ಅಂತ ಅವ್ರೆಲ್ಲಾ ಅಂದಾಗ, ನಂಗೇ ಕನಸು ಬಿದ್ದಿರ್ಬೇಕು ಅನ್ನುಸ್ತು."

"ಕನಸ್ನಾಗೂ ಒತ್ತಾನೆ ಕಣವ್ವ ಈವಯ್ಯ" ಎಂದಳು ಕೊಲ್ಲಾಪುರಮ್ಮ. "ನಡುರಾತ್ರೀಲಿ ನನ್ ಕಾಲಿಗ್ ಒದೀತಾನೆ. ಎಂಟೊರ್ಷದಿಂದ ನಾನೇ ಇವ್ನ್ ಬ್ರೇಕು."

ಅದಕ್ಕೆ ಲಕ್ಕಯ್ಯನ ತುಟಿ ಒಂದು ಕಡೆಗೆ ಸ್ವಲ್ಪ ಎಳೆಯಿತು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ, "ಹಂಗಾದ್ರೆ ನಾನ್ ನಿದ್ದೆ ಮಾಡ್ಲಿಲ್ಲ" ಎಂದ. ಮತ್ತೆ, "ಮಾಡ್ಲಿಲ್ಲ ಬುಡು" ಎಂದ.

ಅಮ್ಮನ ಸೆರಗು ಹಿಡಿದು ನಿಂತಿದ್ದ ಪುಟ್ಟಿ, "ಇಸ್ಕೂಲಲ್ಲಿ ಹೇಳ್ಲಾ ಮಾವ?" ಎಂದು ಕೇಳಿದಳು.

"ಹೇಳು ಮಗಾ. ನಿಧಾನುಕ್ಕೆ ಹೇಳು."

ಗಂಡ ಹೇಳಿ ಕಳಿಸಿದ ಮಾತನ್ನು ಸಿದ್ದಗಂಗಮ್ಮ ಹೇಳಿದಳು, ಕೈ ಕೂಡಿದ ಮೇಲೆ ಗಾಡಿ ಅವನದೇ ಎಂದು. ಲಕ್ಕಯ್ಯ ದಬ್ಬೆ ಕಟ್ಟಿದ ಕೈ ನೋಡಿಕೊಂಡ. ಇನ್ನೂ ಒಂದೂವರೆ ತಿಂಗಳು ಎಂದಿದ್ದರು. ಅಲ್ಲಿಯವರೆಗೆ ದುರ್ಗಯ್ಯನೇ. ಅವನನ್ನು ಲಕ್ಕಯ್ಯ ಬಲ್ಲ. ಒಳ್ಳೆಯವನೇ, ಆದರೆ ಬಂದವನೇ ಹತ್ತಿ, ಕೀಲಿ ತಿರುಗಿಸಿ, ಹೊರಟುಬಿಡುವವನು.

ಸಿದ್ದಗಂಗಮ್ಮ ಬಟ್ಟಲು ತೆಗೆದುಕೊಂಡು ಎದ್ದಳು. ಅವನೂ ಗೋಡೆ ಹಿಡಿದು ಎದ್ದ.

"ನಂಗೊಂದ್ ಉಪ್ಕಾರ ಆಗ್ಬೇಕು ಕಣವ್ವ. ಕೇಳಕ್ಕೆ ಸಂಕೋಚ."

"ಕೇಳು ಲಕ್ಕಯ್ಯಣ್ಣ."

"ಆ ಮನೇಲಿ ಎಲ್ಲಾರ್ಗಿಂತ ಮುಂಚೆ ಏಳೋರು ನೀವು. ಬಾಗ್ಲಿಗೆ ನೀರಾಕಿದ್ ಮ್ಯಾಲೆ, ಹಂಗೇ ಹೋಗಿ ಗಾಡಿ ಹತ್ತಿ ಬ್ರೇಕಿನ್ ಮ್ಯಾಲೆ ಒಂದ್ಸಲ ಕಾಲಿಕ್ಕಿ. ಮೊದ್ಲು ಒಸಿ ಇಳೀಬೇಕು, ಆಮ್ಯಾಕೆ ತಡೀಬೇಕು. ನೆಲಕ್ ಹೋದ್ರೂ ಬ್ಯಾಡ, ಕಲ್ಲಂಗ್ ನಿಂತ್ರೂ ಬ್ಯಾಡ. ನಿಮ್ ಕಾಲು ಸರಿ ಅಂದ್ರೆ ಮಾತ್ರ ದುರ್ಗಯ್ಯಂಗೆ ಬೀಗದ್ ಕೈ ಕೊಡಿ."

"ನಾನಾ? ನಾನ್ ಹೋಗಿ ಡ್ರೈವರ್ ಸೀಟಲ್ಲಿ ಕೂತ್ರೆ ಊರು ಏನನ್ನುತ್ತೆ?"

"ಒಂದ್ ಹದಿನೈದ್ ದಿನ ಅನ್ನುತ್ತೆ. ನಂಗೂ ಅಂದಿಲ್ವಾ." ಅವನು ಪುಟ್ಟಿಯ ಅರೆಬರೆ ಜಡೆಯನ್ನು ಎಡಗೈಯಲ್ಲಿ ಸವರಿದ. "ನನ್ ಕೈ ಕೂಡೋವರ್ಗೂ ಅಷ್ಟೇ. ಒತ್ತಿ ನೋಡ್ತೀರಾ, ಅವ್ವ?"